ಹೊಂಗೆ ಬೀದಿ ಹತ್ತಿರ ಬಂದದ್ದು

ಮಗಳನ್ನು ದೂರ ಕೊಡಬಾರದು ಎಂಬುದು ನನ್ನ ಹಟವಾಗಿತ್ತು. ಗಂಡ ತೀರಿಕೊಂಡ ಮೇಲೆ ಬ್ಲೌಸು ಹೊಲಿದು ಅವಳೊಬ್ಬಳನ್ನು ಬೆಳೆಸಿದವಳು ನಾನು. ಅವಳು ಬೇರೆ ಊರಿಗೆ ಹೋದರೆ ಸಂಜೆ ಹೊತ್ತು ಯಾರ ಜೊತೆ ಜಗಳವಾಡಲಿ? ಬಟ್ಟೆ ಅಂಗಡಿ ಇದ್ದವರು ಕೇಳಿಕೊಂಡು ಬಂದರು, ಆಚೆ ಊರಿನ ಪೋಸ್ಟ್ ಮಾಸ್ತರರ ಮಗ ಬಂದ, ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ ಪಕ್ಕದ ಹೊಂಗೆ ಬೀದಿಯ ತಿಮ್ಮೇಶನಿಗೆ ಕೊಟ್ಟೆ. ಸೈಕಲ್ ರಿಪೇರಿ ಮಾಡುವ ಹುಡುಗ, ಮಾತು ಕಡಿಮೆ, ಊಟ ಜಾಸ್ತಿ. ನನ್ನ ಹಿತ್ತಿಲ ಗೋಡೆಯ ಆಚೆಗೇ ಅವರ ಬೀದಿ. ನಾಗವೇಣಿ ಅಲ್ಲಿ ಒಗ್ಗರಣೆ ಹಾಕಿದರೆ ನಾನು ಇಲ್ಲಿ ಸೀನುತ್ತಿದ್ದೆ. ಸಾರು ಮಾಡಿ ಬಟ್ಟಲಲ್ಲಿ ಮುಚ್ಚಿಕೊಂಡು ಹೋದರೆ ಅವಳ ಮನೆ ಮುಟ್ಟಿದಾಗಲೂ ಹಬೆಯಾಡುತ್ತಿತ್ತು. ನೆಂಟರೆಲ್ಲ ಪುಟ್ಟತಾಯಿ ಜಾಣೆ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮೂರಿನ ಬೀದಿಗಳು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಸುದ್ದಿಯಾದ ಬೀದಿ ಚೌಕದ ಹತ್ತಿರಕ್ಕೆ ಬರುತ್ತದೆ, ಸುದ್ದಿಯಿಲ್ಲದ್ದು ದೂರ ಸರಿಯುತ್ತದೆ. ಬರುವುದು ರಾತ್ರಿ, ಹೋಗುವುದು ಹಗಲು. ಬಂದದ್ದು ಯಾರಿಗೂ ತಿಳಿಯುವುದಿಲ್ಲ, ಬೆಳಿಗ್ಗೆ ಎದ್ದಾಗ ಅಲ್ಲಿರುತ್ತದೆ. ಹೋಗುವಾಗ ಮಾತ್ರ ಮೇಯುತ್ತ ಹೋಗುವ ಹಸುವಿನ ಹಾಗೆ ನೋಡನೋಡುತ್ತಲೇ ಹೋಗುತ್ತದೆ. ಹೋದ ಜಾಗದಲ್ಲಿ ಬಯಲು ಉಳಿದು ಸ್ವಲ್ಪ ದಿನಕ್ಕೇ ಗರಿಕೆ ಹಬ್ಬುತ್ತದೆ. ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದವಳೇ ನಾನು. ಆದರೆ ಆಗೆಲ್ಲ ಒಂದು ಗೇಣು ಆ ಕಡೆ, ಒಂದು ಗೇಣು ಈ ಕಡೆ, ಅಷ್ಟೆ. ಅದಕ್ಕೆ ಕಾರಣ ಗನಿ ಸಾಹೇಬರು.

ಗನಿ ಸಾಹೇಬರು ಒಂದು ಹಾಳೆಯ ಪತ್ರಿಕೆ ನಡೆಸುತ್ತಿದ್ದರು. ಬರೆಯುವವರೂ ಅವರೇ, ಅಚ್ಚು ಹಾಕುವವರೂ ಅವರೇ, ಸೈಕಲ್ಲಿನಲ್ಲಿ ಹಂಚುವವರೂ ಅವರೇ. ಪ್ರತಿ ಬೀದಿಗೂ ಸರದಿ ಇತ್ತು. ನಮ್ಮ ಕಮಾನು ಬೀದಿಯ ಸರದಿ ಬಂದ ದಿನ ಬಾಗಿಲಲ್ಲಿ ಗಂಟೆ ಬಾರಿಸಿ, "ಏನಮ್ಮ, ನಿಮ್ಮ ಬೀದೀಲಿ ಏನು ಸಮಾಚಾರ?" ಎನ್ನುತ್ತಿದ್ದರು.

"ಏನಿಲ್ಲ ಸಾಹೇಬ್ರೆ."

"ಏನಿಲ್ಲ ಅಂದ್ರೆ ಹೆಂಗಮ್ಮ? ಆ ನುಗ್ಗೆ ಮರ ಹೂ ಬಿಟ್ಟಿದೆಯಲ್ಲ, ನಿನ್ನೆ ಇತ್ತಾ ಅದು?"

ಮಾರನೆಯ ದಿನ ಕಮಾನು ಬೀದಿಯ ನುಗ್ಗೆ ಹೂ ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು. ನಾವು ಓದಿ ನಗುತ್ತಿದ್ದೆವು. ಬಾವಿಯ ಹಗ್ಗ ಬದಲಾಯಿಸಿದ್ದು, ಯಾರದೋ ಮನೆಯ ನಾಯಿ ಮರಿ ಹಾಕಿದ್ದು, ಇಂಥ ಸುದ್ದಿಗೆ ಯಾವನು ಕಾಸು ಕೊಡುತ್ತಾನೆ ಎಂದು ಗಂಡಸರು ಗೇಲಿ ಮಾಡುತ್ತಿದ್ದರು. ನಾವು ಗೇಲಿ ಮಾಡಿದ ಆ ಸುದ್ದಿಗಳಿಂದಲೇ ಊರು ಒಟ್ಟಾಗಿ ಉಳಿದಿತ್ತು ಎಂದು ಹೊಳೆಯಲು ಸಾಹೇಬರು ಸಾಯಬೇಕಾಯಿತು.

ಅವರು ತೀರಿಕೊಂಡ ಸುಮಾರಿಗೇ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂತು. ಇನ್ನು ಪತ್ರಿಕೆ ಯಾಕೆ, ನಾವೇ ವರದಿಗಾರರು ಎಂದು ಊರಿಗೆ ಊರೇ ಎದ್ದು ನಿಂತಿತು. ರೀಚಾರ್ಜ್ ಅಂಗಡಿಯ ಗುರುಪಾದ 'ಊರಕಣ್ಣು' ಎಂಬ ಚಾನೆಲ್ ತೆರೆದ. ಹಾಲು ಹಾಕುವವನು, ಅಂಗನವಾಡಿ ಟೀಚರು, ಕೆಲಸವಿಲ್ಲದ ಹುಡುಗರು, ಎಲ್ಲರೂ ಅವನಿಗೆ ವಿಡಿಯೋ ಕಳಿಸುವವರೇ. ಮೊದಮೊದಲು ಒಳ್ಳೆಯದೇ ಆಯಿತು. ಕೆಟ್ಟ ಬೋರ್‌ವೆಲ್ಲು ರಿಪೇರಿಯಾಯಿತು, ಸುಮ್ಮನೆ ಕೂತಿದ್ದ ನೌಕರರು ಎದ್ದು ಓಡಾಡಿದರು. ಆದರೆ ನುಗ್ಗೆ ಹೂವನ್ನು ಯಾರು ನೋಡುತ್ತಾರೆ? ಚರಂಡಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿದ ಬೀದಿ ಚೌಕಕ್ಕೆ ಬಂದು ಕೂತಿತು. ಕುಡಿದು ಕಂಬ ಹತ್ತಿದವನ ಬೀದಿ ಅದರ ಪಕ್ಕ ಬಂತು. ಶಾಲೆ ದೂರ ಹೋಗಿ ಮಕ್ಕಳು ದಾರಿಬುತ್ತಿ ಕಟ್ಟಿಕೊಂಡು ಹೊರಡುವಂತಾಗಿತ್ತು, ಬಿಸಿಯೂಟದಲ್ಲಿ ಹಲ್ಲಿ ಬಿದ್ದದ್ದೇ ತಡ ರಾತ್ರೋರಾತ್ರಿ ವಾಪಸ್ ಬಂತು. ಲೈಬ್ರರಿ ಎಲ್ಲಿದೆ ಎಂದು ಈಗ ಯಾರಿಗೂ ಗೊತ್ತಿಲ್ಲ. ನಮ್ಮ ಕಮಾನು ಬೀದಿ ಮಾತ್ರ ಅಲ್ಲಿರುವ ಬಸ್ ನಿಲ್ದಾಣದ ಜಗಳಗಳ ಪುಣ್ಯದಿಂದ ಇದ್ದಲ್ಲೇ ಇತ್ತು.

ಹೊಂಗೆ ಬೀದಿಯಲ್ಲಿ ಏನೂ ಆಗುತ್ತಿರಲಿಲ್ಲ. ನಾನು ಆ ಬೀದಿಯನ್ನು ಆರಿಸಿದ್ದೇ ಅದಕ್ಕೆ. ಕುಡುಕರಿಲ್ಲ, ಕೋರ್ಟಿಗೆ ಅಲೆಯುವವರಿಲ್ಲ, ಸಂಜೆಯಾದರೆ ಹೆಂಗಸರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆ ಒಳ್ಳೆಯತನವೇ ಅದಕ್ಕೆ ಮುಳುವಾಯಿತು. ಮೊದಲು ನನ್ನ ಹಿತ್ತಿಲ ಗೋಡೆಗೂ ಅದಕ್ಕೂ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಬಿತ್ತು. ಆಮೇಲೆ ಹುಡುಗರು ಅಲ್ಲಿ ಕ್ರಿಕೆಟ್ ಆಡತೊಡಗಿದರು. ಸಾರು ಬೆಚ್ಚಗೆ ಮುಟ್ಟುತ್ತಿದ್ದದ್ದು ತಣ್ಣಗಾಗಿ ಮುಟ್ಟಿತು, ಆಮೇಲೆ ಹಳಸಿ ಮುಟ್ಟಿತು, ಆಮೇಲೆ ನಾನೇ ಒಯ್ಯುವುದನ್ನು ಬಿಟ್ಟೆ. ಬೀದಿ ಹಳೆಯ ಇಟ್ಟಿಗೆ ಗೂಡನ್ನು ದಾಟಿದ ಮೇಲೆ ಫೋನಿನ ಸಿಗ್ನಲ್ಲೂ ನಿಂತುಹೋಯಿತು. ಬಸ್ಸಿಳಿದು ಬಯಲಲ್ಲಿ ನಡೆದು ಹೋಗಿ ಮಗಳ ಮುಖ ನೋಡಿ, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ನೀರೂ ಕುಡಿಯದೆ ಏಳುತ್ತಿದ್ದೆ. ಬೀಗರ ಮನೆಯಲ್ಲಿ ಉಳಿಯುವುದು ನಮ್ಮಲ್ಲಿ ಇಲ್ಲ. ಮಗಳನ್ನು ಕೊಟ್ಟವಳು ಆ ಮನೆಯಲ್ಲಿ ರಾತ್ರಿ ಮಲಗಿದರೆ ಜನ ಏನನ್ನುತ್ತಾರೆ ಎಂದು ನನ್ನ ಅಮ್ಮ ಹೇಳಿದ್ದಳು, ಅವಳಿಗೆ ಅವಳ ಅಮ್ಮ.

ಅಷ್ಟರಲ್ಲಿ ನಾಗವೇಣಿ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಸೀಮಂತ ಮಾಡಿ ಕರೆತರಬೇಕು, ಬಿಸಿನೀರು ಹೊಯ್ಯಬೇಕು, ಸೊಂಟ ಕಟ್ಟಬೇಕು, ಅವಳನ್ನು ಮತ್ತೆ ಒಂದಿಷ್ಟು ದಿನ ನನ್ನ ಮಗುವಾಗಿ ಇಟ್ಟುಕೊಳ್ಳಬೇಕು. ಮದುವೆಯ ದಿನದಿಂದಲೂ ನಾನು ಕಾದದ್ದು ಇದಕ್ಕೇ. ಆದರೆ ನರ್ಸಮ್ಮ, "ಗರ್ಭ ಕೆಳಗಿದೆ, ಬಸ್ಸು ಆಟೋ ಎಲ್ಲ ಬೇಡ, ನಾಲ್ಕು ಹೆಜ್ಜೆ ನಡೆದರೆ ಸಾಕು" ಎಂದುಬಿಟ್ಟಳು. ನಾಲ್ಕು ಹೆಜ್ಜೆಯಲ್ಲಿ ಇಟ್ಟಿಗೆ ಗೂಡಿನಾಚೆಯಿಂದ ಕಮಾನು ಬೀದಿಗೆ ಹೇಗೆ ಬರುವುದು? ಮಗಳು ಬರಲಾಗದಿದ್ದರೆ ಬೀದಿಯೇ ಬರಬೇಕು.

ಹಾಗೆ ನಾನೂ ವರದಿಗಾರ್ತಿಯಾದೆ. ಹೊಸ ಫೋನು ಕೊಂಡು ಗುರುಪಾದನ ಅಂಗಡಿಯಲ್ಲಿ ಕೂತು ಕಲಿತೆ. ಹೋದಾಗಲೆಲ್ಲ ಹೊಂಗೆ ಬೀದಿಯನ್ನು ಫೋನಿನಲ್ಲಿ ತುಂಬಿಕೊಂಡು ಬಂದು ಇಲ್ಲಿ ಹಾಕುತ್ತಿದ್ದೆ. "ನಮಸ್ಕಾರ, ನಾನು ಪುಟ್ಟತಾಯಿ. ಹೊಂಗೆ ಬೀದಿಯಲ್ಲಿ ಹೊಂಗೆ ಚಿಗುರಿದೆ. ಇಗೋ ನೋಡಿ." ಯಾರೂ ನೋಡಲಿಲ್ಲ. ಕಟ್ಟೆಗೆ ಸಿಮೆಂಟು ಹಾಕಿದ್ದನ್ನು ತೋರಿಸಿದೆ, ಬೆಕ್ಕು ಬಾವಿಗೆ ಬಿದ್ದು ತಾನೇ ಹತ್ತಿ ಬಂದದ್ದನ್ನು ತೋರಿಸಿದೆ. ಬೆಕ್ಕಿಗೆ ಸ್ವಲ್ಪ ಜನ ಬಂದರು. ಮಾರನೆಯ ದಿನ ಬೀದಿ ಒಂದು ಮಾರು ಹತ್ತಿರ ಬಂದಿತ್ತು ಎಂದು ತಿಮ್ಮೇಶ ಹೇಳಿದ, ಮಧ್ಯಾಹ್ನಕ್ಕೆ ಮತ್ತೆ ಹೋಯಿತಂತೆ.

"ಅಕ್ಕ, ಇದರಲ್ಲಿ ಖಾರ ಇಲ್ಲ," ಎಂದ ಗುರುಪಾದ. "ಜಗಳ ಗಿಗಳ ಇಲ್ವಾ?"

"ಜಗಳ ಇಲ್ಲದ ಬೀದಿ ಅಂತ್ಲೇ ಮಗಳನ್ನ ಕೊಟ್ಟಿದ್ದು ಕಣಪ್ಪ."

"ಹಂಗಾದ್ರೆ ಕಷ್ಟ," ಎಂದು ನಿಜವಾಗಿಯೂ ಬೇಸರಪಟ್ಟುಕೊಂಡ. ಅವನು ಕೆಟ್ಟ ಹುಡುಗನಲ್ಲ, ಅದೇ ತೊಂದರೆ.

ಮುಂದಿನ ಸಲ ಹೋದಾಗ ನಾಗವೇಣಿ ಅಂಗಳದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ಅವಳ ಅತ್ತೆ ಕೆಂಚಮ್ಮ ಚಾಪೆಯ ಮೇಲೆ ಸಂಡಿಗೆ ಒಣಹಾಕಿದ್ದರು. ಮಗಳ ಮುಖ ನನ್ನ ಫೋನಿನಲ್ಲಿ ಇರಲಿ ಎಂದು ನಾನು ವಿಡಿಯೋ ತೆಗೆಯುತ್ತಿದ್ದೆ. ಅಷ್ಟರಲ್ಲಿ ಒಂದು ಕೋಳಿ ಬಂದು ಸಂಡಿಗೆಗೆ ಬಾಯಿ ಹಾಕಿತು. ಕೆಂಚಮ್ಮ ಪೊರಕೆ ಎತ್ತಿಕೊಂಡು, "ಬೆಳಗಿಂದ ತಿನ್ನಾದೇ ಆಯ್ತು ನಿಂದು! ಇವತ್ತು ನಿನ್ನ ಕಾಲು ಮುರ್ದು ಒಲೆಗಿಕ್ತೀನಿ!" ಎಂದು ಓಡಿ ಬಂದರು. ಕೋಳಿ ನಾಗವೇಣಿಯ ಕಾಲ ಸಂದಿಯಲ್ಲಿ ನುಗ್ಗಿತು, ಅವಳು ಬೆಚ್ಚಿ ಕೈ ಅಡ್ಡ ಹಿಡಿದಳು, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಅದನ್ನು ಪೂರ್ತಿಯಾಗಿ ಗುರುಪಾದನಿಗೆ ಕಳಿಸಿದೆ. ಹೊಂಗೆ ಬೀದಿಯ ಕೋಳಿಯ ಕಥೆ ಎಂದು ಹೆಸರನ್ನೂ ಕೊಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಗೋಡೆಯಾಚೆ ಬಯಲಿಲ್ಲ. ಹೊಂಗೆ ಮರದ ಟೊಂಗೆ ನನ್ನ ಒಗೆಯುವ ಕಲ್ಲಿನ ಮೇಲೆ ಬಾಗಿತ್ತು. ಎದುರಿಗೇ ಮಗಳ ಅಡುಗೆಮನೆಯ ಕಿಟಕಿ. ಅವಳು ಹಲ್ಲುಜ್ಜುತ್ತ ನಿಂತಿದ್ದವಳು ನನ್ನನ್ನು ನೋಡಿ ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು, "ಅಮ್ಮಾ!" ಎಂದಳು. ನಾನು ಗೋಡೆಯ ಮೇಲಿಂದ ಕೈ ಚಾಚಿ ಅವಳ ಕೆನ್ನೆ ಮುಟ್ಟಿದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಆದದ್ದು ಇನ್ನೊಂದು ಸಲ ಇದ್ದರೆ ಅದು ಅವಳು ಹುಟ್ಟಿದ ದಿನ. ಕಾರಣ ಕೇಳಲಿಲ್ಲ ನಾನು. ಓಡಿಹೋಗಿ ಸಾರಿಗೆ ಇಟ್ಟೆ.

ಹಬೆಯಾಡುವ ಬಟ್ಟಲನ್ನು ಕಿಟಕಿಯಲ್ಲಿ ಕೊಡುವಷ್ಟರಲ್ಲಿ ಅವರ ಮುಂಬಾಗಿಲ ಕಡೆ ಗದ್ದಲ ಶುರುವಾಗಿತ್ತು. ಗುರುಪಾದ ವಿಡಿಯೋವನ್ನು ಕತ್ತರಿಸಿದ್ದ. ಕೋಳಿ ಬರುವುದಿಲ್ಲ, ನಗುವೂ ಇಲ್ಲ. ತುಂಬು ಬಸುರಿ ಮೆಟ್ಟಿಲ ಮೇಲೆ ಕೂತಿದ್ದಾಳೆ, ಅತ್ತೆ ಪೊರಕೆ ಹಿಡಿದು ಕಾಲು ಮುರಿಯುತ್ತೇನೆಂದು ಬರುತ್ತಾಳೆ, ಸೊಸೆ ಹೆದರಿ ಕೈ ಅಡ್ಡ ಹಿಡಿಯುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಊರಿಗೆ ಊರೇ ನೋಡಿತ್ತು.

ನಾನು ಅವನ ಅಂಗಡಿಗೆ ಹೋಗಿ ಕೂಗಾಡಿದೆ. "ನಾನೇನೂ ಸುಳ್ಳು ಸೇರಿಸಿಲ್ಲ ಅಕ್ಕ," ಎಂದ. "ಕೋಳಿ ಸರಿಯಾಗಿ ಕಾಣ್ತಿರ್ಲಿಲ್ಲ, ಬಿಟ್ಟೆ. ನಿಮ್ ಬೀದಿ ಬಂತಲ್ವಾ? ಅದಕ್ಕೇ ಅಲ್ವಾ ನೀವು ಒದ್ದಾಡ್ತಿದ್ದಿದ್ದು?" ಬೈಯುತ್ತಲೇ ಹೋದವಳು ತರಕಾರಿ ಕೊಂಡು ವಾಪಸ್ ಬಂದೆ.

ಮಗಳ ಮನೆಯ ಮುಂದೆ ಫೋನು ಹಿಡಿದ ಜನ ಕರಗಲೇ ಇಲ್ಲ. ಒಬ್ಬಳು ನಾಗವೇಣಿಗೆ, "ಎಲ್ಲಿ ಹೊಡೆದ್ರು ಅಕ್ಕ, ಸೀರೆ ಸರಿಸಿ ತೋರ್ಸಿ" ಎಂದಳು. ಯಾರೂ ಹೊಡೆದಿಲ್ಲ ಎಂದು ಇವಳು ಹೇಳಿದ್ದನ್ನೇ ತೆಗೆದುಕೊಂಡು, 'ಹೆದರಿ ಬಾಯಿ ಬಿಡದ ಸೊಸೆ' ಎಂದು ಹಾಕಿದರು. ಬೀದಿ ಇನ್ನಷ್ಟು ಒತ್ತಿ ಬಂದು ಗೋಡೆಯ ಗಾರೆ ಉದುರಿತು. ತಿಮ್ಮೇಶನ ಅಂಗಡಿಗೆ ಪಂಕ್ಚರಿಗೂ ಯಾರೂ ಬರಲಿಲ್ಲ. ಹಾಲಿನವನು ಕೆಂಚಮ್ಮನ ಪಾತ್ರೆಗೆ ಹಾಲು ಹಾಕದೆ ಮುಂದೆ ಹೋದ. ಕೆಂಚಮ್ಮ ಒಳಮನೆ ಸೇರಿದವರು ಹೊರಗೆ ಬರಲಿಲ್ಲ. ದನಿ ಎತ್ತಿದರೆ ಅದನ್ನೂ ಹಿಡಿದು ಹಾಕುತ್ತಾರೆಂದು ಮನೆಯೊಳಗೂ ಪಿಸುಗುಟ್ಟುತ್ತಿದ್ದರು.

"ಅಮ್ಮ, ಪೂರ್ತಿ ವಿಡಿಯೋ ನಿನ್ ಹತ್ರ ಇದೆಯಲ್ಲ," ಎಂದಳು ನಾಗವೇಣಿ ಕಿಟಕಿಯಲ್ಲಿ. "ನೀನೇ ಮುಂದೆ ನಿಂತು ಹೇಳು. ನಾನು ಹೇಳಿದ್ರೆ ಹೆದರಿ ಹೇಳ್ತಾಳೆ ಅಂತಾರೆ. ಹೆತ್ತ ತಾಯಿ ಹೇಳಿದ್ರೆ ನಂಬ್ತಾರೆ."

"ಹೇಳಿದ್ರೆ ಬೀದಿ ಹೋಗುತ್ತೆ."

"ಹೋಗ್ಲಿ."

"ಇನ್ನು ಸ್ವಲ್ಪ ದಿನ ತಡಿ ಮಗ. ಒಳ್ಳೆ ದಿನ ನೋಡಿ ನಿನ್ನ ಈ ಕಡೆ ಕರ್ಕೊಂಡು ಬಿಡ್ತೀನಿ. ಹೆರಿಗೆ ಒಂದಾಗ್ಲಿ. ಆಮೇಲೆ ಊರಿಗೆಲ್ಲ ಹೇಳ್ತೀನಿ."

"ಈಗ ನಾನು ತವರಿಗೆ ಬಂದ್ರೆ ಏನಂತಾರೆ ಗೊತ್ತಾ? ಹೊಡೆತ ತಡೀಲಾರದೆ ಓಡಿಬಂದ್ಲು ಅಂತಾರೆ. ನಾನೇ ಸಾಕ್ಷಿ ಆಗ್ತೀನಿ ಅಮ್ಮ, ಅತ್ತೆ ಮೇಲೆ. ಅವರು ಅನ್ನ ಬಿಟ್ಟಿದ್ದಾರೆ."

ನಾನು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕೆಂಚಮ್ಮನಿಗಿಂತ ಮಗಳ ಕೆನ್ನೆ ಮುಖ್ಯವಾಗಿತ್ತು. ಅವರಿಗೆ ಮಗ ಇದ್ದಾನೆ, ಸೊಸೆ ಇದ್ದಾಳೆ, ಮೊಮ್ಮಗು ಬರುತ್ತದೆ, ಜನ ಸ್ವಲ್ಪ ದಿನ ಅಂದರೆ ಅನ್ನಲಿ, ಏನು ಗಂಟು ಹೋಯಿತು? ಹೀಗೆಲ್ಲ ನನ್ನೊಳಗೇ ವಾದ ಮಾಡಿಕೊಂಡು, ಅವರಿಗೂ ಅದನ್ನೇ ನಾಲ್ಕು ಒಳ್ಳೆಯ ಮಾತಿನಲ್ಲಿ ಹೇಳಿ ಒಪ್ಪಿಸಿಬಿಡೋಣ ಎಂದು ಹಿತ್ತಿಲ ಬಾಗಿಲಿಂದ ಅವರ ಮನೆಗೆ ಹೋದೆ.

ಕೆಂಚಮ್ಮ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಪಿಸುದನಿಯಲ್ಲಿ, "ಕೂತ್ಕಳಿ ಪುಟ್ಟತಾಯಮ್ಮ," ಎಂದರು. "ವೇಣಿ ನಿಮ್ಗೆ ಏನೇನೋ ಅಂದ್ಲಂತೆ. ಚಿಕ್ಕ ಹುಡುಗಿ, ತಿಳೀದು. ನೀವೇನೂ ಹಾಕಕ್ಕೆ ಹೋಗ್ಬೇಡಿ."

"ಯಾಕೆ?"

"ನಂಗೆ ಹೆಣ್ಮಕ್ಕಳಿಲ್ಲ. ಆದ್ರೂ ಗೊತ್ತಾಗ್ತದೆ. ಅವ್ಳು ರಾತ್ರಿಯೆಲ್ಲ ಅಮ್ಮ ಅಮ್ಮ ಅಂತ ಕನವರಿಸ್ತಾಳೆ. ಹೆರಿಗೆ ಆಗೋಗಂಟ ನಾನು ಕೆಟ್ಟೋಳಾಗೇ ಇರ್ತೀನಿ ಬಿಡಿ. ಮಗು ನಿಮ್ ಕೈಯಾಗೆ ಬರ್ಲಿ. ಅನ್ನೋರು ಎಷ್ಟು ದಿನ ಅಂತಾರೆ?"

ನಾನು ಹೇಳಬೇಕೆಂದು ಬಂದ ಮಾತನ್ನೇ ಅವರು ಹೇಳಿದ್ದರು. ನನ್ನ ಬಾಯಲ್ಲಿ ಅದು ಬುದ್ಧಿವಂತಿಕೆಯಾಗಿ ಕೇಳುತ್ತಿತ್ತು. ಅವರ ಬಾಯಲ್ಲಿ ಕೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವರ ಪಕ್ಕದ ತಟ್ಟೆಯಲ್ಲಿ ಬೆಳಗಿನ ಮುದ್ದೆ ಹಾಗೇ ಇತ್ತು, ಮೇಲೆ ಒಣಗಿತ್ತು. ನಾನು ಎದ್ದು ಬಂದೆ.

ಬಂದವಳು ನೇರವಾಗಿ ಅವರ ಮುಂಬಾಗಿಲಿಗೆ ಹೋಗಿ ಆ ಜನರ ನಡುವೆ ನಿಂತೆ. "ತೆಗೀರಿ ಎಲ್ಲರೂ ಫೋನು," ಎಂದೆ. "ನಾನು ಈ ಹುಡುಗಿ ಹೆತ್ತವಳು. ಮಗಳಿಗೆ ಹೊಡೆದ್ರೆ ನಿಮಗಿಂತ ಮೊದಲು ಈ ಬಾಗಿಲು ಒಡೆಯೋಳು ನಾನು. ಇದು ನಾನು ತೆಗೆದ ವಿಡಿಯೋ. ಪೂರ್ತಿ ನೋಡಿ." ಕೋಳಿ ಬಂತು, ಪೊರಕೆ ಬಂತು, ನಾಗವೇಣಿ ಬೆಚ್ಚಿದಳು, ಇಬ್ಬರೂ ನಕ್ಕರು. ಮತ್ತೆ ಹಾಕಿದೆ. ಜನ ಮುಖ ಮುಖ ನೋಡಿಕೊಂಡರು. ಒಬ್ಬ, "ಥೂ, ಕೋಳೀನಾ!" ಎಂದ. ಯಾರೋ ಕಿಸಕ್ಕೆಂದರು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ, ಆದರೆ ಒಬ್ಬೊಬ್ಬರೇ ಫೋನು ಜೇಬಿಗಿಟ್ಟುಕೊಂಡು ಹೊರಟರು. ಆಚೆ ಎಲ್ಲೋ ಮದುವೆ ಮನೆಯಲ್ಲಿ ಪಾಯಸಕ್ಕೆ ಹೊಡೆದಾಟವಾಗುತ್ತಿದೆ ಎಂದು ಸುದ್ದಿ ಬಂತು, ಉಳಿದವರೂ ಆ ಕಡೆ ಓಡಿದರು.

ಹೊಂಗೆ ಬೀದಿ ಮಧ್ಯಾಹ್ನವೇ ಹೊರಟಿತು.

ಮೊದಲು ಟೊಂಗೆ ನನ್ನ ಒಗೆಯುವ ಕಲ್ಲಿನಿಂದ ಸರಿಯಿತು. ನಾನು ಒಳಗೆ ಓಡಿ ಮಂಚದ ಕೆಳಗಿದ್ದ ಗಂಟನ್ನು ಎಳೆದೆ. ಬಾಣಂತನಕ್ಕೆಂದು ಕೂಡಿಟ್ಟದ್ದು. ಒಣಶುಂಠಿ, ಬೆಲ್ಲ, ಓಮ, ಹರಳೆಣ್ಣೆ, ಸಾಮ್ರಾಣಿ, ಒಗೆದು ಒಗೆದು ಮೆತ್ತಗಾದ ನನ್ನ ಸೀರೆಗಳು, ಬ್ಲೌಸಿನ ತುಂಡುಗಳಲ್ಲಿ ಹೊಲಿದ ಕುಲಾವಿಗಳು. ಹಿತ್ತಿಲ ಬಾಗಿಲು ತೆರೆದು ಹೊರಬಿದ್ದಾಗ ಗೋಡೆಗೂ ಆ ಬೀದಿಗೂ ನಡುವೆ ಹೊಸ ಮಣ್ಣು ಕಾಣುತ್ತಿತ್ತು. ನಾನು ಅದರ ಮೇಲೇ ನಡೆದೆ. ನಾಗವೇಣಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದಳು, ಚಿಕ್ಕವಳಿದ್ದಾಗ ಸೂಜಿ ಹಾಕಿಸಿಕೊಳ್ಳುವಾಗ ಮಾಡುತ್ತಿದ್ದ ಹಾಗೆ. ಅವಳ ಕೈಗೆ ಕುಲಾವಿಗಳನ್ನು ತುರುಕಿದೆ. ಇಲ್ಲೇ ಇದ್ದುಬಿಡು ಎನ್ನಲಿಲ್ಲ, ಈಗ ಅವಳು ಈ ಕಡೆ ಇಳಿದರೆ ಹೊಡೆತಕ್ಕೆ ಓಡಿಬಂದಳು ಎಂಬ ಮಾತು ಮತ್ತೆ ಏಳುತ್ತಿತ್ತು.

ಆಗ ಕೆಂಚಮ್ಮ ಹೊರಗೆ ಬಂದರು. ಅಷ್ಟು ದಿನಗಳ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹಿತ್ತಿಲ ಜಗಲಿಯ ತುದಿಗೆ ಬಂದು ಎರಡೂ ಕೈ ಚಾಚಿದರು. ನಾನು ಪಕ್ಕದಲ್ಲೇ ನಡೆಯುತ್ತ ಗಂಟನ್ನು ಅವರ ತೋಳಿಗೆ ಹಾಕಿದೆ.

"ನಿಮ್ ಕಡೆ ನೀರು ಹೆಂಗೆ ಹುಯ್ತೀರಾ?" ಎಂದರು. ಪಿಸುದನಿಯಲ್ಲ, ಅವರ ಹಳೆಯ ದೊಡ್ಡ ದನಿ.

"ಸೊಂಟಕ್ಕೆ ಜಾಸ್ತಿ ಬಿಸಿ! ತಲೆಗೆ ಉಗುರುಬೆಚ್ಚಗೆ!"

"ಎಣ್ಣೆ?"

"ಹರಳೆಣ್ಣೆ! ಹಿಂದಿನ ರಾತ್ರೀನೇ ಹಚ್ಚಿ!"

ಬೀದಿ ಸ್ವಲ್ಪ ಜೋರಾಯಿತು. ನನಗೆ ಓಡಬೇಕಾಯಿತು. ಐವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಡಹಗಲಲ್ಲಿ ಒಂದು ಬೀದಿಯ ಹಿಂದೆ ಓಡುತ್ತಿದ್ದೆ. ಯಾರಾದರೂ ವಿಡಿಯೋ ತೆಗೆದಿದ್ದರೆ ಚೆನ್ನಾಗಿ ಓಡುತ್ತಿತ್ತು, ಆದರೆ ಎಲ್ಲರೂ ಪಾಯಸದ ಜಗಳಕ್ಕೆ ಹೋಗಿದ್ದರು.

"ಹೊಟ್ಟೆ ಯಾವಾಗಿಂದ ಕಟ್ಟೋದು?" ಎಂದು ಕೆಂಚಮ್ಮ ಕೂಗಿದರು.

"ಮೊದಲನೇ ನೀರಿನ ದಿನದಿಂದ್ಲೇ! ಹಳೇ ಸೀರೇಲಿ! ಬಿಗಿಯಾಗಿ!"

"ಖಾರ ಕೊಡಬೌದಾ?"

"ಮೆಣಸು ಕೊಡಿ! ಅವ್ಳು ಬೇಡ ಅಂತಾಳೆ, ಬೈದು ತಿನ್ನಿಸಿ!"

ಕೆಂಚಮ್ಮ ನಕ್ಕರೆಂದು ಕಾಣುತ್ತದೆ. ನನ್ನ ಕಾಲು ಸೋತಿತು, ಎದೆ ಹೊಡೆದುಕೊಳ್ಳುತ್ತಿತ್ತು. ಬಯಲಿನ ನಡುವೆ ನಿಂತುಬಿಟ್ಟೆ. ನಾಗವೇಣಿಯೂ ಹೊರಗೆ ಬಂದಿದ್ದಳು, ಇಬ್ಬರೂ ಒಬ್ಬರ ಪಕ್ಕ ಒಬ್ಬರು ಜಗಲಿಯ ತುದಿಯಲ್ಲಿ ನಿಂತಿದ್ದರು, ಕೆಂಚಮ್ಮ ಒಂದು ಕೈಯಲ್ಲಿ ಗಂಟನ್ನು ಅವುಚಿಕೊಂಡು ಇನ್ನೊಂದು ಕೈಯನ್ನು ನನ್ನ ಮಗಳ ಬೆನ್ನಿಗೆ ಕೊಟ್ಟಿದ್ದರು. ಕೆಂಚಮ್ಮ ಇನ್ನೂ ಏನೋ ಕೇಳಿದರು. ಕೈ ಬಾಯಿಗೆ ಅಡ್ಡ ಹಿಡಿದು ಮತ್ತೆ ಕೇಳಿದರು. ನಾಗವೇಣಿಯೂ ಜೊತೆಗೆ ಕೂಗಿದಳು. ಒಂದು ಅಕ್ಷರವೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಎಂದು ತೋರಿಸಿದರೆ ಅವರು ಸೋತುಹೋಗುತ್ತಾರೆನ್ನಿಸಿ, ಕಾಣುವ ಹಾಗೆ ದೊಡ್ಡದಾಗಿ ಹೂಂ ಎಂದು ತಲೆಯಾಡಿಸಿದೆ. ಇಬ್ಬರೂ ಕೈ ಬೀಸಿದರು.

ಈಗ ಅವಳಿಗೆ ದಿನ ತುಂಬಿರಬೇಕು. ಬೀದಿ ಇಟ್ಟಿಗೆ ಗೂಡನ್ನು ದಾಟಿ, ಅದರಾಚೆಯ ಕೆರೆಯನ್ನೂ ದಾಟಿ ಹೋಗಿದೆ ಎನ್ನುತ್ತಾರೆ, ಬಸ್ಸು ಆ ಕಡೆಗಿಲ್ಲ. ಹೊಲಿಗೆ ಮಿಷನ್ ತುಳಿಯುತ್ತ ಕೂತಾಗ ಅವರು ಏನು ಕೇಳಿದರೆಂದು ಯೋಚಿಸುತ್ತೇನೆ. ಓಮದ ಕಷಾಯದ ವಿಷಯ ಇರಬಹುದು. ತೊಟ್ಟಿಲ ಹಗ್ಗದ ವಿಷಯ ಇರಬಹುದು. ಅಥವಾ, ನೀವೇ ಬಂದು ನಮ್ಮನೆಯಲ್ಲಿ ಇದ್ದು ಬಾಣಂತನ ಮಾಡ್ತೀರಾ ಎಂದು ಕೇಳಿದ್ದರೆ, ನಾನು ಹೂಂ ಎಂದಿದ್ದೇನೆ. ಇಬ್ಬರೂ ನೋಡಿದ್ದಾರೆ.